ಕೊನೆಯ ಎರಡು ಇಂಚಿನ ತೂತು: ಅಲ್ಯೂಮಿನಿಯಂ ಬೆಸುಗೆಯ ಬಿಸಿಯನ್ನು ಲ್ಯಾಪ್‌ಟಾಪಿನಲ್ಲಿ ಲೆಕ್ಕ ಹಾಕುವುದು ಹೇಗೆ

ಬಳ್ಳಾರಿಯ ಹೊಸಪೇಟೆ ರಸ್ತೆಯಲ್ಲಿ ನಮ್ಮ ಮಾವನ ಫ್ಯಾಬ್ರಿಕೇಷನ್ ಶೆಡ್ ಇದೆ. ಟಿಪ್ಪರ್ ಬಾಡಿ, ಗೇಟು, ಗ್ರಿಲ್ಲು, ಎಲ್ಲಾ ಕಬ್ಬಿಣದ ಕೆಲಸವೇ. ಒಂದು ಮೇ ತಿಂಗಳಲ್ಲಿ ಗಂಗಾವತಿಯ ರೈಸ್ ಮಿಲ್ಲಿನವರು ಅಲ್ಯೂಮಿನಿಯಂ ಕವರ್‌ಗಳ ಆರ್ಡರ್ ಕೊಟ್ಟರು. 6 ಮಿ.ಮೀ. ಪ್ಲೇಟು, ಆರ್ಗಾನ್ ವೆಲ್ಡಿಂಗ್. ಮೊದಲ ದಿನ ನಾಲ್ಕು ಜೋಡಿ ಪ್ಲೇಟು ಬೆಸೆದರೆ ಮೂರರಲ್ಲಿ ತೂತು ಬಿತ್ತು. ಮೂರರಲ್ಲೂ ಒಂದೇ ಜಾಗ: ಬೆಸುಗೆಯ ಕೊನೆಯ ಎರಡು ಇಂಚು.

ಶೆಡ್ಡಿನಲ್ಲಿ ಆರ್ಗಾನ್ ಹಿಡಿಯುವುದು ನಾವೆಲ್ಲ ಭಾಯ್ ಎನ್ನುವ ಹಿರಿಯರು. ಟಾರ್ಚ್ ಕೆಳಗಿಟ್ಟು, "ಕಬ್ಬಿಣ ಹೇಳಿದ ಮಾತು ಕೇಳ್ತೈತೆ, ಇದು ಕೇಳಲ್ಲಪ. ಚೆನ್ನಾಗೇ ಹೊಂಟಿರ್ತೈತೆ, ಕೊನೆಗೆ ಬಂದು ಕೈ ಕೊಡ್ತೈತೆ" ಅಂದರು. ಮಾವ ಬಿಸಿಲನ್ನು ಬೈದರು. ನಾನು ಮೆಕ್ಯಾನಿಕಲ್ ಓದಿದವನು, ಲ್ಯಾಪ್‌ಟಾಪ್ ತೆಗೆದೆ. ಆಮೇಲಿನ ಕೆಲವು ವಾರ ಮಾಡಿದ್ದನ್ನು ಇಲ್ಲಿ ಕ್ರಮವಾಗಿ ಬರೆದಿದ್ದೇನೆ. ಡಿಪ್ಲೊಮಾ ಅಥವಾ ಬಿಇ ಪ್ರಾಜೆಕ್ಟ್ ಮಾಡುವವರಿಗೆ, ಶೆಡ್ ಇಟ್ಟುಕೊಂಡವರಿಗೆ ಇಷ್ಟು ಸಾಕು. ದುಬಾರಿ ಸಾಫ್ಟ್‌ವೇರ್ ಬೇಡ.

ಮೊದಲು ಪೆನ್ನು, ಆಮೇಲೆ ಕಂಪ್ಯೂಟರ್

ಬಹಳ ಜನ ಇಲ್ಲೇ ಎಡವುತ್ತಾರೆ. ಸಾಫ್ಟ್‌ವೇರ್ ಹಾಕಿಕೊಳ್ಳುತ್ತಾರೆ, ಕೆಂಪು-ಹಳದಿ-ನೀಲಿ ಚಿತ್ರ ಬರುತ್ತದೆ, ರಿಪೋರ್ಟಿಗೆ ಅಂಟಿಸುತ್ತಾರೆ. ಆ ಚಿತ್ರ ಸರಿಯೋ ತಪ್ಪೋ ಗೊತ್ತೇ ಇರುವುದಿಲ್ಲ. ಉತ್ತರ ಎಷ್ಟರ ಆಸುಪಾಸು ಬರಬೇಕು ಅಂತ ಮೊದಲೇ ಗೊತ್ತಿದ್ದರೆ ಈ ಗೋಳಿಲ್ಲ. ಅದಕ್ಕೆ ಮೂರು ಭಾಗಾಕಾರ ಸಾಕು.

ನಮ್ಮ ಲೋಹ 6061-ಟಿ6, ಅಲ್ಯೂಮಿನಿಯಂನ ಒಂದು ಮಿಶ್ರಲೋಹ. ಅದರ ನಾಲ್ಕು ಅಂಕಿ ಬರೆದಿಟ್ಟುಕೊಳ್ಳಿ. ಸಾಂದ್ರತೆ ಘನ ಮೀಟರಿಗೆ 2,700 ಕೆ.ಜಿ. ಒಂದು ಕೆ.ಜಿ.ಯನ್ನು ಒಂದು ಡಿಗ್ರಿ ಏರಿಸಲು 896 ಜೂಲ್. ಉಷ್ಣವಾಹಕತೆ ಮೀಟರಿಗೆ, ಡಿಗ್ರಿಗೆ 167 ವ್ಯಾಟ್. ಕರಗಲು ಶುರುವಾಗುವುದು 582 ಡಿಗ್ರಿಯಲ್ಲಿ, ಪೂರ್ತಿ ನೀರಾಗುವುದು 652ರಲ್ಲಿ. ಹೋಲಿಕೆಗೆ ಹೇಳುವುದಾದರೆ ಮೈಲ್ಡ್ ಸ್ಟೀಲಿನ ವಾಹಕತೆ 50ರ ಸುತ್ತ, ಸ್ಟೇನ್‌ಲೆಸ್ ಸ್ಟೀಲಿನದು 16ರ ಸುತ್ತ. ಒಲೆ ಮೇಲಿನ ಸಾರಿನಲ್ಲಿ ಬಿಟ್ಟ ಸ್ಟೀಲ್ ಸೌಟನ್ನು ಎಷ್ಟೋ ಹೊತ್ತಿನ ಮೇಲೂ ಹಿಡಿಯಬಹುದು, ಅಲ್ಯೂಮಿನಿಯಂ ಸೌಟಾದರೆ ಕೈ ಚುರ್ ಅನ್ನುತ್ತದೆ. ಅಷ್ಟೇ ವ್ಯತ್ಯಾಸ.

ವಾಹಕತೆಯನ್ನು ಸಾಂದ್ರತೆ ಮತ್ತು 896ರ ಗುಣಲಬ್ಧದಿಂದ ಭಾಗಿಸಿ. ಸೆಕೆಂಡಿಗೆ 69 ಚದರ ಮಿ.ಮೀ. ಬರುತ್ತದೆ. ಇದಕ್ಕೆ ಉಷ್ಣ ವಿಸರಣೆ ಎನ್ನುತ್ತಾರೆ. ನಾನು ಸುಮ್ನೆ 'ಓಟದ ಅಂಕಿ' ಅನ್ನುತ್ತೇನೆ. ಬಿಸಿ ಲೋಹದೊಳಗೆ ಎಷ್ಟು ಬೇಗ ಹರಡುತ್ತದೆ ಅನ್ನುವುದನ್ನು ಇದೇ ಹೇಳುವುದು. ಮೈಲ್ಡ್ ಸ್ಟೀಲಿಗೆ ಅದೇ ಅಂಕಿ 13ರ ಸುತ್ತ.

ಈಗ ಮೊದಲ ಭಾಗಾಕಾರ. ಓಟದ ಅಂಕಿಯನ್ನು ಟಾರ್ಚಿನ ವೇಗದಿಂದ ಭಾಗಿಸಿ. ಭಾಯ್ ಸೆಕೆಂಡಿಗೆ 3 ಮಿ.ಮೀ.ಯಂತೆ ಹೋಗುತ್ತಾರೆ. 69ನ್ನು 3ರಿಂದ ಭಾಗಿಸಿದರೆ 23 ಮಿ.ಮೀ. ಟಾರ್ಚಿಗಿಂತ ಅಷ್ಟು ಮುಂದೆ ಬಿಸಿ ಓಡಿರುತ್ತದೆ. ಸ್ಟೀಲಿನಲ್ಲಿ ಇದು ನಾಲ್ಕು ಮಿ.ಮೀ. ಚಿಲ್ಲರೆ ಮಾತ್ರ. ಈ 23ನ್ನು ನೆನಪಿಟ್ಟುಕೊಳ್ಳಿ, ಕೊನೆಯ ತೂತಿನ ಗುಟ್ಟು ಇದರಲ್ಲೇ ಇದೆ.

ಎರಡನೆಯದು ದಪ್ಪದ ಲೆಕ್ಕ. ದಪ್ಪದ ವರ್ಗವನ್ನು ಓಟದ ಅಂಕಿಯಿಂದ ಭಾಗಿಸಿ. 36ನ್ನು 69ರಿಂದ ಭಾಗಿಸಿದರೆ ಅರ್ಧ ಸೆಕೆಂಡು. ಬಿಸಿ ಮೇಲಿಂದ ಕೆಳಗೆ ಇಳಿಯಲು ಅರ್ಧ ಸೆಕೆಂಡು ಸಾಕು, ಅಷ್ಟರಲ್ಲಿ ಟಾರ್ಚ್ ಒಂದೂವರೆ ಮಿ.ಮೀ. ಹೋಗಿರುತ್ತದೆ. ಅಂದರೆ ಮೇಲೂ ಕೆಳಗೂ ಬಿಸಿ ಹೆಚ್ಚುಕಡಿಮೆ ಒಂದೇ, ಪ್ಲೇಟನ್ನು ಒಂದು ಹಾಳೆ ಅಂದುಕೊಂಡು 2ಡಿ ಲೆಕ್ಕ ಮಾಡಬಹುದು. ಅದೇ 20 ಮಿ.ಮೀ. ದಪ್ಪ ಇದ್ದರೆ ಆರು ಸೆಕೆಂಡು ಹತ್ತಿರ ಬೇಕು, ಟಾರ್ಚ್ 17 ಮಿ.ಮೀ. ಮುಂದೆ ಹೋಗಿರುತ್ತದೆ. ಆಗ 2ಡಿ ನಡೆಯಲ್ಲ.

ಮೂರನೆಯದು ಒಟ್ಟು ಬಿಸಿಯ ಲೆಕ್ಕ. ಅದಕ್ಕೆ ಆರ್ಕಿನಿಂದ ಪ್ಲೇಟಿಗೆ ಎಷ್ಟು ವ್ಯಾಟ್ ಇಳಿಯುತ್ತದೆ ಅಂತ ಗೊತ್ತಿರಬೇಕು.

ಬಕೆಟ್ ಪರೀಕ್ಷೆ

ನಮ್ಮ ಮೆಷಿನ್ 180 ಆಂಪಿಯರ್, 15 ವೋಲ್ಟ್ ತೋರಿಸುತ್ತಿತ್ತು. ಗುಣಿಸಿದರೆ 2,700 ವ್ಯಾಟ್. ಇದಿಷ್ಟೂ ಪ್ಲೇಟಿಗೆ ಹೋಗುವುದಿಲ್ಲ. ಟಾರ್ಚಿನ ತುದಿಯ ಟಂಗ್‌ಸ್ಟನ್ ಕಡ್ಡಿ ಕಾಯುತ್ತದೆ, ಗ್ಯಾಸ್ ಒಯ್ಯುತ್ತದೆ, ಬೆಳಕಾಗಿ ಹೋಗುತ್ತದೆ. ಅಲ್ಯೂಮಿನಿಯಂಗೆ ಎಸಿ, ಅಂದರೆ ದಿಕ್ಕು ಬದಲಿಸುತ್ತಾ ಹರಿಯುವ ಕರೆಂಟು, ಬೇಕೇ ಬೇಕು. ಮೇಲಿನ ಆಕ್ಸೈಡ್ ಪದರ ಕರಗುವುದು 2,000 ಡಿಗ್ರಿ ದಾಟಿದ ಮೇಲೆ, ಎಸಿಯ ಒಂದು ಅರ್ಧ ಅದನ್ನು ಕಿತ್ತುಹಾಕುತ್ತದೆ. ಆದರೆ ಅದೇ ಅರ್ಧ ಟಂಗ್‌ಸ್ಟನ್ನನ್ನು ಜಾಸ್ತಿ ಕಾಯಿಸುತ್ತದೆ. ಹಾಗಾಗಿ ಮೆಷಿನ್ನಿನ ಬ್ಯಾಲೆನ್ಸ್ ನಾಬ್ ತಿರುಗಿಸಿದರೆ ಪ್ಲೇಟಿಗೆ ಇಳಿಯುವ ಪಾಲೂ ಬದಲಾಗುತ್ತದೆ. ಪುಸ್ತಕದಲ್ಲಿ 0.4, 0.6, 0.7 ಅಂತ ಏನೇನೋ ಇರುತ್ತದೆ. ನಿಮ್ಮ ಮೆಷಿನ್ನಿನದು ಎಷ್ಟು ಅಂತ ನೀವೇ ಅಳೆಯುವುದು ಒಳ್ಳೆಯದು.

ಅಳೆಯುವುದು ಕಷ್ಟವಲ್ಲ. 300 ಮಿ.ಮೀ. ಉದ್ದ, 100 ಮಿ.ಮೀ. ಅಗಲದ ಎರಡು ತುಂಡು ತಗೊಳ್ಳಿ. ಟ್ಯಾಕ್ (ಅಲ್ಲಲ್ಲಿ ಚುಕ್ಕೆ ಬೆಸುಗೆ) ಹಾಕಿ, ಎರಡು ಫೈರ್ ಬ್ರಿಕ್ ಮೇಲೆ ತುದಿ ಮಾತ್ರ ತಾಗುವಂತೆ ಇಡಿ. ಬಕೆಟ್ಟಿಗೆ ಅಳೆದು 5 ಲೀಟರ್ ನೀರು ಹಾಕಿ, ಬಿಸಿ ನೋಡಿ ಬರೆದಿಡಿ. ನೀರೂ ಪ್ಲೇಟೂ ನೆರಳಲ್ಲಿ ಒಂದೇ ಹದದಲ್ಲಿ ಇರಲಿ. ಬೆಸುಗೆ ಮುಗಿದ ತಕ್ಷಣ ಇಕ್ಕಳದಲ್ಲಿ ಹಿಡಿದು ಪ್ಲೇಟನ್ನು ಅಂಚಿನ ಕಡೆಯಿಂದ ನೀರಿಗೆ ಇಳಿಸಿ. ಉದ್ದ ಕೈಗವಸು, ಮುಖಕ್ಕೆ ಶೀಲ್ಡ್ ಇರಲಿ. ಚೊಯ್ಯ್ ಅಂತ ಹಬೆ ಏಳುತ್ತದೆ, ನೀರು ಸಿಡಿಯುತ್ತದೆ. ಚೆನ್ನಾಗಿ ಕಲಕಿ ಮತ್ತೆ ಬಿಸಿ ನೋಡಿ.

300 ಮಿ.ಮೀ.ಗೆ 100 ಸೆಕೆಂಡು, ಅಂದರೆ ಮೆಷಿನ್ ಕೊಟ್ಟದ್ದು 270 ಕಿಲೋಜೂಲ್. ಅದರಲ್ಲಿ 0.6 ಪಾಲು ಪ್ಲೇಟಿಗೆ ಹೋಗಿದ್ದರೆ 162 ಕಿಲೋಜೂಲ್, ನೀರು 7.4 ಡಿಗ್ರಿ ಏರಬೇಕು. ಪಾಲು 0.5 ಇದ್ದರೆ 6.2 ಡಿಗ್ರಿ. ನಮಗೆ ಮೂರು ಸಲ ಮಾಡಿದಾಗ 7ರ ಆಚೀಚೆ ಬಂತು. ಹಬೆಯಾಗಿ ಸ್ವಲ್ಪ ಹೋಗುತ್ತದೆ, ಪ್ಲೇಟು ನೀರಿಗೆ ಹೋಗುವ ಮೊದಲೇ ಗಾಳಿಗೆ ಸ್ವಲ್ಪ ಹೋಗುತ್ತದೆ. ಹಾಗಾಗಿ 0.6 ಅಂತ ಹಿಡಿದೆ. ಪ್ಲೇಟಿಗೆ ಇಳಿಯುವುದು 1,620 ವ್ಯಾಟ್.

ಈಗ ಮೂರನೇ ಭಾಗಾಕಾರ. ಎರಡೂ ತುಂಡು ಸೇರಿ ತೂಕ 0.972 ಕೆ.ಜಿ. ಅದನ್ನು 896ರಿಂದ ಗುಣಿಸಿದರೆ 871. ಅಂದರೆ ಡಿಗ್ರಿಗೆ 871 ಜೂಲ್. 1,62,000ನ್ನು 871ರಿಂದ ಭಾಗಿಸಿ: 186. ಬಿಸಿ ಹೊರಗೆ ಹೋಗದೇ ಇದ್ದರೆ ಇಡೀ ಪ್ಲೇಟು ಸರಾಸರಿ 186 ಡಿಗ್ರಿ ಏರಬೇಕು. ನೆರಳಲ್ಲಿ 35 ಇದ್ದರೆ ಕೊನೆಗೆ 221. ಸೀಮ್, ಅಂದರೆ ಬೆಸುಗೆಯ ಗೆರೆ, ಅದರ ಬಳಿ ಮಾತ್ರ ಅಲ್ಲ, ಇಡೀ ಪ್ಲೇಟಿನ ಸರಾಸರಿ! ಈ ಅಂಕಿ ನೋಡಿದಾಗಲೇ ನನಗೆ ಅರ್ಧ ವಿಷಯ ಅರ್ಥವಾದದ್ದು. ಅಲ್ಯೂಮಿನಿಯಂ ಬೆಸೆಯುವುದೆಂದರೆ ಸೀಮ್ ಒಂದನ್ನೇ ಕಾಯಿಸುವ ಕೆಲಸ ಅಲ್ಲ. ಹಾಗಾಗಿ ಸೀಮಿನ ಸುತ್ತ ನಾಲ್ಕು ಬೆರಳು ಜಾಗ ಮಾತ್ರ ತಗೊಂಡು ಸಿಮ್ಯುಲೇಷನ್ ಮಾಡಿದರೆ ಉತ್ತರ ತಪ್ಪುತ್ತದೆ. ಇಡೀ ಪ್ಲೇಟು, ಅದರ ಅಂಚು, ಅದು ಯಾವುದರ ಮೇಲೆ ಕೂತಿದೆ ಅನ್ನುವುದು, ಎಲ್ಲಾ ಬೇಕು.

ಪ್ಲೇಟನ್ನು ಚೌಕ ಮಾಡುವುದು

ಪೈಥಾನ್ ಇದ್ದರೆ ಸಾಕು, ಜೊತೆಗೆ ನಮ್‌ಪೈ ಮತ್ತು ಮ್ಯಾಟ್‌ಪ್ಲಾಟ್‌ಲಿಬ್. ಎಲ್ಲಾ ಪುಕ್ಕಟೆ. ಲ್ಯಾಪ್‌ಟಾಪ್ ಇಲ್ಲದವರು ಬ್ರೌಸರಿನಲ್ಲಿ ಗೂಗಲ್ ಕೊಲ್ಯಾಬ್ ತೆರೆದುಕೊಳ್ಳಬಹುದು.

300 × 200 ಮಿ.ಮೀ. ಪ್ಲೇಟನ್ನು 1 ಮಿ.ಮೀ. ಚೌಕಗಳಾಗಿ ಭಾಗ ಮಾಡಿ. 60,000 ಚೌಕ. ಪ್ರತಿ ಚೌಕಕ್ಕೂ ಒಂದು ಬಿಸಿ, ಶುರುವಿಗೆ ಎಲ್ಲವೂ 35. ಆಮೇಲೆ ಕಾಲವನ್ನು ಸಣ್ಣ ಸಣ್ಣ ಹೆಜ್ಜೆಯಲ್ಲಿ ಮುಂದೆ ಸರಿಸಿ. ಪ್ರತಿ ಹೆಜ್ಜೆಯಲ್ಲಿ ಪ್ರತಿ ಚೌಕಕ್ಕೆ ಒಂದೇ ನಿಯಮ:

ಹೊಸ ಬಿಸಿ = ಹಳೆ ಬಿಸಿ + ಗುಣಾಂಕ × (ನಾಲ್ಕು ನೆರೆಯವರ ಬಿಸಿಯ ಮೊತ್ತ − 4 × ತನ್ನ ಬಿಸಿ) + ಟಾರ್ಚ್ ಆ ಹೆಜ್ಜೆಯಲ್ಲಿ ಆ ಚೌಕಕ್ಕೆ ಕೊಟ್ಟ ಏರಿಕೆ

ಗುಣಾಂಕ ಅಂದರೆ ಓಟದ ಅಂಕಿ × ಕಾಲದ ಹೆಜ್ಜೆ, ಅದನ್ನು ಚೌಕದ ಬದಿಯ ವರ್ಗದಿಂದ ಭಾಗಿಸಿದ್ದು. ಟಾರ್ಚಿನ ಏರಿಕೆ ಅಂದರೆ ಆ ಚೌಕಕ್ಕೆ ಬಿದ್ದ ಜೂಲ್‌ಗಳನ್ನು ಚೌಕದ ತೂಕ ಮತ್ತು 896ರ ಗುಣಲಬ್ಧದಿಂದ ಭಾಗಿಸಿದ್ದು. ಅಂಚಿನ ಚೌಕಗಳಿಗೆ ಹೊರಗೆ ನೆರೆಯವರಿಲ್ಲ. ಅಲ್ಲಿ ತನ್ನದೇ ಬಿಸಿಯನ್ನು ನೆರೆಯವರದು ಅಂತ ಹಾಕಿ, ಆಗ ಬಿಸಿ ಅಂಚು ದಾಟಿ ಹೋಗದು.

ಇಲ್ಲೊಂದು ಕಡ್ಡಾಯ ನಿಯಮ ಇದೆ. 2ಡಿಯಲ್ಲಿ ಗುಣಾಂಕ 0.25 ದಾಟುವಂತಿಲ್ಲ. 1 ಮಿ.ಮೀ. ಚೌಕಕ್ಕೆ ಕಾಲದ ಹೆಜ್ಜೆ ಹೆಚ್ಚೆಂದರೆ 0.0036 ಸೆಕೆಂಡು. ನಾನು 0.003 ಇಟ್ಟೆ, ಗುಣಾಂಕ 0.207 ಆಯಿತು. ಮೊದಲ ಸಲ ಗೊತ್ತಿಲ್ಲದೆ 0.01 ಇಟ್ಟಿದ್ದೆ. ಪರದೆ ಮೇಲೆ ಬಿಸಿ ಒಂದು ಚೌಕದಲ್ಲಿ ಸಾವಿರ, ಪಕ್ಕದ್ದರಲ್ಲಿ ಸೊನ್ನೆಗಿಂತ ಕೆಳಗೆ, ಚದುರಂಗದ ಹಾಸಿನ ಹಾಗೆ ಕಾಣಿಸಿ, ಎರಡು ಕ್ಷಣದಲ್ಲಿ ಅಂಕಿಗಳೇ ಮಾಯವಾದವು. ನಿಮಗೂ ಚದುರಂಗ ಕಂಡರೆ ಬೇರೆ ತಪ್ಪು ಹುಡುಕಬೇಡಿ, ಕಾಲದ ಹೆಜ್ಜೆ ಸಣ್ಣದು ಮಾಡಿ. ಚೌಕವನ್ನು ಅರ್ಧ ಮಿ.ಮೀ. ಮಾಡಿದರೆ ಹೆಜ್ಜೆ ನಾಲ್ಕು ಪಟ್ಟು ಸಣ್ಣದಾಗಬೇಕು, ಚೌಕಗಳೂ ನಾಲ್ಕು ಪಟ್ಟು. ಕೆಲಸ ಹದಿನಾರು ಪಟ್ಟು. ಸುಮ್ನೆ ಸಣ್ಣ ಮಾಡುತ್ತಾ ಹೋಗಬೇಡಿ.

0.003ರ ಹೆಜ್ಜೆಯಲ್ಲಿ 100 ಸೆಕೆಂಡಿಗೆ 33 ಸಾವಿರ ಚಿಲ್ಲರೆ ಹೆಜ್ಜೆ. ಚೌಕದ ಮೇಲೆ ಚೌಕ ಅಂತ ಲೂಪ್ ಬರೆದರೆ ಊಟ ಮಾಡಿ ಬಂದರೂ ಮುಗಿಯಲ್ಲ. ಇಡೀ ಪಟ್ಟಿಯನ್ನು ಒಂದೇ ಸಲ ಸರಿಸಿ ಕೂಡುವ ಹಾಗೆ ನಮ್‌ಪೈಯಲ್ಲಿ ಬರೆಯಿರಿ. ಆಗ ಹಳೇ ಲ್ಯಾಪ್‌ಟಾಪಿನಲ್ಲೂ ಕೆಲವೇ ನಿಮಿಷದ ಕೆಲಸ.

ಟಾರ್ಚನ್ನು ಒಂದೇ ಚೌಕದ ಮೇಲೆ ಸುರಿಯಬೇಡಿ. ಆರ್ಕ್ ನಡುವೆ ಜೋರು, ಬದಿಗೆ ಹೋದಂತೆ ಮಂದ, ಗಂಟೆಯ ಆಕಾರದ ಹಂಚಿಕೆ. ನಾನು 6 ಮಿ.ಮೀ. ತ್ರಿಜ್ಯ ಹಿಡಿದೆ. ಆ ತ್ರಿಜ್ಯದ ಬಳಿ ಬಿಸಿ ನಡುವಿನದರ ಇಪ್ಪತ್ತರಲ್ಲಿ ಒಂದು ಪಾಲಿಗೆ ಇಳಿದಿರುತ್ತದೆ. ಪ್ರತಿ ಹೆಜ್ಜೆಯಲ್ಲೂ ಈ ಗಂಟೆಯ ನಡುವನ್ನು 3 ಮಿ.ಮೀ. ವೇಗದಲ್ಲಿ ಮುಂದೆ ಸರಿಸುತ್ತಾ ಹೋಗಿ.

ಲೆಕ್ಕ ತಾಳೆ ಆಯಿತಾ?

ಮೊದಲ ಓಟದಲ್ಲಿ ಗಾಳಿ ಬೇಡ, ಕರಗುವಿಕೆ ಬೇಡ, ಏನೂ ಬೇಡ. 100 ಸೆಕೆಂಡು ಓಡಿಸಿ, 60,000 ಚೌಕಗಳ ಸರಾಸರಿ ತೆಗೆಯಿರಿ. 221 ಬರಬೇಕು. ನನಗೆ 219.8 ಬಂತು.

1.2 ಡಿಗ್ರಿ ತಾನೇ, ಬಿಡು ಅನ್ನಬಹುದಿತ್ತು. ಆದರೆ ಇಂಥ ಲೆಕ್ಕದಲ್ಲಿ ಬಿಸಿ ಎಲ್ಲೂ ಕಾಣೆಯಾಗುವಂತಿಲ್ಲ, ಪೈಸೆ ಪೈಸೆ ಕೂಡಬೇಕು. ಸಂಜೆ ತನಕ ಹುಡುಕಿದೆ. ಕಾರಣ ಸಿಲ್ಲಿ. ಟಾರ್ಚ್ ಅಂಚಿನಲ್ಲಿ ಶುರುವಾಗುವಾಗ ಗಂಟೆಯ ಅರ್ಧ ಭಾಗ ಪ್ಲೇಟಿನ ಹೊರಗೆ ಬೀಳುತ್ತಿತ್ತು, ಮುಗಿಯುವಾಗಲೂ ಅಷ್ಟೇ. ಎರಡೂ ತುದಿ ಸೇರಿ ಸುಮಾರು 2 ಮಿ.ಮೀ. ಬೆಸುಗೆಯಷ್ಟು ಬಿಸಿ ಗಾಳಿಗೆ ಹೋಗಿತ್ತು. ಪ್ರತಿ ಹೆಜ್ಜೆಯಲ್ಲೂ ಪ್ಲೇಟಿನೊಳಗೆ ಬಿದ್ದ ಪಾಲನ್ನು ಕೂಡಿ, ಮೊತ್ತ 1,620 ವ್ಯಾಟ್ ಆಗುವ ಹಾಗೆ ಸರಿಪಡಿಸಿದೆ. 221.0 ಬಂತು. ನಿಜದಲ್ಲಿ ಅಂಚಿನಲ್ಲಿ ಸ್ವಲ್ಪ ಬಿಸಿ ಹೊರಗೆ ಹೋಗುತ್ತದೆ, ಅದು ಬೇರೆ ಮಾತು. ಆದರೆ ಪ್ರೋಗ್ರಾಮು ಎಷ್ಟು ಬಿಸಿ ತಿಂದಿತು ಅನ್ನುವುದು ನಮಗೆ ಗೊತ್ತಿರಬೇಕು.

ಈ ತಾಳೆ ಆಗುವ ತನಕ ಬಣ್ಣದ ಚಿತ್ರ ನೋಡಬೇಡಿ ಅಂತಲೇ ನನ್ನ ಸಲಹೆ.

ಇನ್ನೊಂದು ತಾಳೆಯೂ ಇದೆ. ರೊಸೆಂಥಾಲ್ ಅನ್ನುವವರು 1940ರ ದಶಕದಲ್ಲೇ, ಕಂಪ್ಯೂಟರ್ ಇಲ್ಲದ ಕಾಲದಲ್ಲಿ, ಚಲಿಸುವ ಟಾರ್ಚಿಗೆ ಸೂತ್ರ ಕೊಟ್ಟಿದ್ದಾರೆ. ಅಂಚೇ ಇಲ್ಲದ ತೆಳು ಪ್ಲೇಟು ಅಂದುಕೊಂಡ ಸೂತ್ರ ಅದು. ನಮ್ಮ ಅಂಕಿ ಹಾಕಿದರೆ ಟಾರ್ಚಿನ ನೇರದಲ್ಲಿ ಕರಗಿದ ಕೊಳದ ಅರ್ಧ ಅಗಲ 5.4 ಮಿ.ಮೀ. ಬರುತ್ತದೆ. ಪ್ಲೇಟಿನ ನಡುಭಾಗದಲ್ಲಿ ನಿಮ್ಮ ಪ್ರೋಗ್ರಾಮಿನ ಉತ್ತರ ಇದರ ಸುತ್ತಮುತ್ತ ಇರಬೇಕು. 2 ಬಂದರೆ, 15 ಬಂದರೆ ಎಲ್ಲೋ ಸೊನ್ನೆ ತಪ್ಪಿದೆ.

ಕರಗುವ ಬಿಸಿ, ಗಾಳಿ, ಟೇಬಲ್

ಲೋಹ ಕರಗಲು ಬೇರೆ ಬಿಸಿ ಬೇಕು, ಕೆ.ಜಿ.ಗೆ ಸುಮಾರು 390 ಕಿಲೋಜೂಲ್. ಪ್ಲೇಟನ್ನು 35ರಿಂದ 582ಕ್ಕೆ ಏರಿಸಲು ಬೇಕಾದ ಬಿಸಿಯ ಅರ್ಧಕ್ಕಿಂತ ಜಾಸ್ತಿ, ಬಿಡುವ ಹಾಗಿಲ್ಲ. ಸುಲಭ ಉಪಾಯ: 582ರಿಂದ 652ರ ನಡುವಿನ 70 ಡಿಗ್ರಿಗೆ ಆ 390ನ್ನು ಹಂಚಿಬಿಡಿ. ಡಿಗ್ರಿಗೆ 5,600 ಜೂಲ್ ಹತ್ತಿರ ಬರುತ್ತದೆ. ಚೌಕದ ಬಿಸಿ ಆ ನಡುವೆ ಇದ್ದಾಗ ಮಾಮೂಲಿ ಅಂಕಿಗೆ ಇದನ್ನು ಕೂಡಿ. ಆಗ ಬಿಸಿ ಅಲ್ಲಿ ತಡವರಿಸುತ್ತಾ ಏರುತ್ತದೆ, ಇಳಿಯುವಾಗಲೂ ತಡವರಿಸುತ್ತದೆ.

ಗಾಳಿಯ ಬಗ್ಗೆ ಜನ ಬೇಕಾದ್ದಕ್ಕಿಂತ ಜಾಸ್ತಿ ತಲೆಕೆಡಿಸಿಕೊಳ್ಳುತ್ತಾರೆ. ನಿಂತ ಗಾಳಿಗೆ ಚದರ ಮೀಟರಿಗೆ, ಡಿಗ್ರಿಗೆ 10 ವ್ಯಾಟ್ ಹಿಡಿಯಿರಿ. ಪ್ಲೇಟಿನ ಎರಡೂ ಮುಖ ಸೇರಿ 0.12 ಚದರ ಮೀಟರ್. ಗಾಳಿಗಿಂತ 150 ಡಿಗ್ರಿ ಬಿಸಿ ಇದ್ದಾಗ ಹೋಗುವುದು 180 ವ್ಯಾಟ್. ಕೊಡುವುದು 1,620. ಹೊಳೆಯುವ ಅಲ್ಯೂಮಿನಿಯಂ ವಿಕಿರಣದಿಂದ ಕಳೆದುಕೊಳ್ಳುವುದು ಇನ್ನೂ ಕಡಿಮೆ. ಸೇರಿಸಿ, ಆದರೆ ಅದರ ಹಿಂದೆ ಬೀಳಬೇಡಿ.

ಟೇಬಲ್ ಮಾತ್ರ ಬೇರೆಯೇ ಕಥೆ. ಪ್ಲೇಟನ್ನು ಕಬ್ಬಿಣದ ಟೇಬಲ್ ಮೇಲೆ ಅಂಗಾತ ಒತ್ತಿ ಕ್ಲಾಂಪ್ ಹಾಕಿದರೆ ಚದರ ಮೀಟರಿಗೆ, ಡಿಗ್ರಿಗೆ 500 ವ್ಯಾಟ್ ಸಲೀಸಾಗಿ ಹೋಗಬಹುದು. ಟೇಬಲ್ಲಿಗೆ ತಾಗುವುದು ಒಂದೇ ಮುಖ, ಆದರೂ ಅದೇ 150 ಡಿಗ್ರಿಗೆ 4,500 ವ್ಯಾಟ್ ಆಯಿತು. ಟಾರ್ಚ್ ಕೊಡುವುದಕ್ಕಿಂತ ಜಾಸ್ತಿ! ಅಂದರೆ ಪ್ಲೇಟು ಅಷ್ಟು ಬಿಸಿಯೇ ಏರಲ್ಲ. ಒತ್ತಡ, ತುಕ್ಕು, ಪ್ಲೇಟಿನ ಸೊಟ್ಟ, ಎಲ್ಲದರ ಮೇಲೂ ಈ ಅಂಕಿ ಕುಣಿಯುತ್ತದೆ. ಅದಕ್ಕೇ ಮೊದಲ ಪ್ರಯೋಗ ಇಟ್ಟಿಗೆ ಮೇಲೆ ಇರಲಿ ಅಂದದ್ದು. ಗೊತ್ತಿಲ್ಲದ ಅಂಕಿ ಒಂದು ಸಲಕ್ಕೆ ಒಂದೇ ಇರಬೇಕು.

ಪ್ಲೇಟನ್ನೇ ಕೇಳಿ

ಕೆ-ಟೈಪ್ ಥರ್ಮೋಕಪಲ್ (ಬಿಸಿ ಅಳೆಯುವ ವೈರು) ಮೂರು, ಆರ್ಡುಯಿನೊ (ಪುಟ್ಟ ಕಂಪ್ಯೂಟರ್ ಬೋರ್ಡ್) ಒಂದು, ಮ್ಯಾಕ್ಸ್6675 ಚಿಪ್ಪಿನ ಬೋರ್ಡ್ ಮೂರು. ಈ ಚಿಪ್ ಸೆಕೆಂಡಿಗೆ ನಾಲ್ಕು ಸಲ ಬಿಸಿ ಓದುತ್ತದೆ, ನಮಗೆ ಸಾಕು. ಪ್ಲೇಟಿನ ಉದ್ದದ ನಡುವಿನಲ್ಲಿ, ಸೀಮಿನಿಂದ 15, 30, 50 ಮಿ.ಮೀ. ದೂರದಲ್ಲಿ ಗುರುತು ಮಾಡಿ. ಅಲ್ಯೂಮಿನಿಯಂಗೆ ಥರ್ಮೋಕಪಲ್ ಅಂಟಿಸುವುದು ಕಷ್ಟ. ಟೇಪ್ ಹಾಕಿದರೆ ಕಿತ್ತು ಬರುತ್ತದೆ. ಒಂದೂವರೆ ಮಿ.ಮೀ. ಡ್ರಿಲ್ಲಿನಲ್ಲಿ ಅರ್ಧ ದಪ್ಪದ ತನಕ ತೂತು ಮಾಡಿ, ವೈರಿನ ಗುಂಡಿ ಒಳಗೆ ಕೂರಿಸಿ, ಪಕ್ಕದಲ್ಲಿ ಸೆಂಟರ್ ಪಂಚಿನಿಂದ ಎರಡು ಏಟು ಹಾಕಿ. ಲೋಹ ಒತ್ತಿಕೊಂಡು ವೈರನ್ನು ಕಚ್ಚಿಹಿಡಿಯುತ್ತದೆ. ಇದು ಭಾಯ್ ಹೇಳಿಕೊಟ್ಟ ಉಪಾಯ, ನನ್ನದಲ್ಲ.

ಆರ್ಗಾನ್ ಮೆಷಿನ್ ಹೈ ಫ್ರೀಕ್ವೆನ್ಸಿಯಿಂದ ಆರ್ಕ್ ಹೊತ್ತಿಸುವಾಗ ಅಂಕಿಗಳು ಹುಚ್ಚು ಹಿಡಿದಂತೆ ಆಡುತ್ತವೆ. ನಮ್ಮ ಮೊದಲ ಆರ್ಡುಯಿನೊ ಅದರಲ್ಲೇ ಸತ್ತಿತು. ಲ್ಯಾಪ್‌ಟಾಪ್ ಚಾರ್ಜರ್ ತೆಗೆದು ಬ್ಯಾಟರಿ ಮೇಲೆ ಓಡಿಸಿ, ವೈರುಗಳನ್ನು ಟಾರ್ಚ್ ಕೇಬಲ್ಲಿನಿಂದ ದೂರ ಎಳೆಯಿರಿ, ಅರ್ಥ್ ಕ್ಲಾಂಪನ್ನು ಪ್ಲೇಟಿಗೇ ಗಟ್ಟಿಯಾಗಿ ಹಾಕಿ.

ಈಗ ಅಳೆದ ಗೆರೆಯನ್ನೂ ಲೆಕ್ಕದ ಗೆರೆಯನ್ನೂ ಒಂದರ ಮೇಲೊಂದು ಇಡಿ. ಎರಡು ವಿಷಯ ಬೇರೆ ಬೇರೆಯಾಗಿ ನೋಡಿ. ಗೆರೆಯ ತುದಿ ಯಾವಾಗ ಬಂತು, ಎಷ್ಟು ಎತ್ತರ ಬಂತು. 15 ಮಿ.ಮೀ.ಯಲ್ಲಿ ಟಾರ್ಚ್ ದಾಟಿ ಮೂರು-ನಾಲ್ಕು ಸೆಕೆಂಡಿಗೆ ತುದಿ ಬರಬೇಕು, 50 ಮಿ.ಮೀ.ಯಲ್ಲಿ ಇಪ್ಪತ್ತು ಸೆಕೆಂಡು ಅಥವಾ ಇನ್ನೂ ತಡ. ಈ ಸಮಯ ತಪ್ಪಿದರೆ ಓಟದ ಅಂಕಿ ತಪ್ಪಿದೆ ಅಂತ. ಪ್ಲೇಟು 6061 ಅಂತ ಮಾರಿದವರು ಬೇರೆ ಏನೋ ಕೊಟ್ಟಿರಬಹುದು. 5083 ಅನ್ನುವ ಇನ್ನೊಂದು ಮಿಶ್ರಲೋಹ ಆಗಿದ್ದರೆ ವಾಹಕತೆ 120ರ ಸುತ್ತ ಮಾತ್ರ. ಸಮಯ ಸರಿ, ಎತ್ತರ ತಪ್ಪು ಅಂದರೆ ಆರ್ಕಿನ ಪಾಲು ತಪ್ಪಿದೆ, 0.6ನ್ನು ಸ್ವಲ್ಪ ಆಚೀಚೆ ಮಾಡಿ. ಎರಡನ್ನೂ ಒಟ್ಟಿಗೆ ತಿರುಗಿಸಿ ಗೆರೆ ಕೂಡಿಸಿದರೆ ಚಿತ್ರ ಚೆಂದ ಬರುತ್ತದೆ, ಮುಂದಿನ ಪ್ಲೇಟಿಗೆ ಉಪಯೋಗಕ್ಕೆ ಬರಲ್ಲ.

ಕೊನೆಯ ಎರಡು ಇಂಚು

ತಾಳೆಯಾದ ಪ್ರೋಗ್ರಾಮಿನಲ್ಲಿ ಕರಗಿದ ಕೊಳದ ಅಗಲವನ್ನು ಪ್ರತಿ ಸೆಕೆಂಡಿಗೂ ಬರೆದಿಡಿ. ಶುರುವಿನ ಮೂರು-ನಾಲ್ಕು ಇಂಚಿನಲ್ಲಿ ಕೊಳ ನಿಧಾನ ಬೆಳೆಯುತ್ತದೆ. ನಡುವೆ ಹೆಚ್ಚುಕಡಿಮೆ ಒಂದೇ ಅಗಲ. ಕೊನೆಯ 50 ಮಿ.ಮೀ. ಹತ್ತಿರ ದಿಢೀರ್ ಹಿಗ್ಗುತ್ತದೆ.

ಯಾಕೆ ಅಂತ ಈಗ ಹೇಳಬಹುದು. ಬಿಸಿ ಟಾರ್ಚಿಗಿಂತ 23 ಮಿ.ಮೀ. ಮುಂದೆ ಓಡುತ್ತಿರುತ್ತದೆ ಅಂದೆವಲ್ಲ. ಮುಂದೆ ಲೋಹ ಇರುವ ತನಕ ಸರಿ. ಅಂಚು ಬಂದರೆ ಮುಂದೆ ಜಾಗವಿಲ್ಲ, ಬಿಸಿ ಗೋಡೆಗೆ ಹೊಡೆದ ಚೆಂಡಿನ ಹಾಗೆ ತಿರುಗಿ ಟಾರ್ಚಿನ ಕಡೆಗೇ ಬರುತ್ತದೆ. 23ರ ಎರಡು ಪಟ್ಟು 46, ಸುಮಾರು ಎರಡು ಇಂಚು. ಭಾಯ್ ತೂತು ಬೀಳಿಸಿದ್ದೂ ಅಲ್ಲೇ. ಸ್ಟೀಲಿನಲ್ಲಿ ಈ ಜಾಗ 9 ಮಿ.ಮೀ. ಮಾತ್ರ, ಹಾಗಾಗಿ ಯಾರೂ ಗಮನಿಸುವುದಿಲ್ಲ.

ಹಾಗಾದರೆ ಬಿಸಿಲು? ಅದನ್ನೂ ಓಡಿಸಿ ನೋಡಿದೆ. ಶುರುವಿನ ಬಿಸಿ ಮೇ ಮಧ್ಯಾಹ್ನದ 42 ಒಂದು ಸಲ, ಡಿಸೆಂಬರ್ ಬೆಳಗಿನ 18 ಒಂದು ಸಲ. ಕರಗುವ ತನಕ ಏರಬೇಕಾದ ಬಿಸಿಯಲ್ಲಿ ವ್ಯತ್ಯಾಸ ನೂರಕ್ಕೆ ನಾಲ್ಕು, 180 ಆಂಪಿಯರ್‌ನಲ್ಲಿ ಏಳು ಆಂಪಿಯರ್ ಅಷ್ಟೇ. ಮಾವನಿಗೆ ಇದು ಒಪ್ಪಿಗೆಯಾಗಲಿಲ್ಲ. ಆಮೇಲೆ ಅವರೇ ತೋರಿಸಿದರು: ಪ್ಲೇಟುಗಳನ್ನು ಶೆಡ್ಡಿನ ಹೊರಗೆ ಬಿಸಿಲಿಗೆ ಜೋಡಿಸಿಟ್ಟಿದ್ದರು, ಕೈ ಇಡಕ್ಕಾಗುತ್ತಿರಲಿಲ್ಲ. ಪ್ಲೇಟೇ 60 ಇದ್ದರೆ ಡಿಸೆಂಬರಿಗಿಂತ 12-13 ಆಂಪಿಯರ್ ವ್ಯತ್ಯಾಸ ಬರುತ್ತದೆ. ಅವರು ಹೇಳಿದ್ದರಲ್ಲೂ ಸ್ವಲ್ಪ ನಿಜ ಇತ್ತು ಅಂತಾಯಿತು.

ಪರಿಹಾರಗಳನ್ನು ಪ್ಲೇಟು ಹಾಳು ಮಾಡದೆ ಪ್ರೋಗ್ರಾಮಿನಲ್ಲೇ ಹೋಲಿಸಬಹುದು. ಒಂದು, ಕೊನೆಯ 50 ಮಿ.ಮೀ.ಯಲ್ಲಿ ಕಾಲಿನ ಪೆಡಲ್ ಬಿಡುತ್ತಾ 180ರಿಂದ 110ಕ್ಕೆ ಇಳಿಸುವುದು. ಇದಕ್ಕೆ 17 ಸೆಕೆಂಡು ಸಿಗುತ್ತದೆ, ಕೈ ಪಳಗಿದವರಿಗೆ ಸಾಕು. ಎರಡು, ಅದೇ ಪ್ಲೇಟಿನ 50 ಮಿ.ಮೀ. ತುಂಡೊಂದನ್ನು ಕೊನೆಗೆ ಟ್ಯಾಕ್ ಹಾಕಿ, ಬೆಸುಗೆಯನ್ನು ಅದರ ಮೇಲೆ ಹೋಗಿ ಮುಗಿಸಿ, ಆಮೇಲೆ ಕತ್ತರಿಸುವುದು. ಕೊಳ ಹಿಗ್ಗುವ ಜಾಗವೆಲ್ಲ ಬಿಸಾಕುವ ತುಂಡಿಗೆ ಹೋಗುತ್ತದೆ. 25 ಮಿ.ಮೀ. ತುಂಡು ಹಾಕಿದರೆ ಸಾಲದು ಅಂತ ಲೆಕ್ಕದಲ್ಲಿ ಕಂಡಿತು. ಭಾಯ್ ಎರಡನೆಯದನ್ನು ಆರಿಸಿಕೊಂಡರು. ಆ ಆರ್ಡರಿನಲ್ಲಿ ಕೊನೆಯ ತೂತು ಮತ್ತೆ ಬೀಳಲಿಲ್ಲ.

ಮೆತ್ತಗಾದ ಪಟ್ಟಿ

ಪ್ರತಿ ಚೌಕ ಮುಟ್ಟಿದ ಅತಿ ಹೆಚ್ಚಿನ ಬಿಸಿಯನ್ನು ಬೇರೆ ಪಟ್ಟಿಯಲ್ಲಿ ಉಳಿಸಿಕೊಳ್ಳಿ. 6061ಕ್ಕೆ ಟಿ6 ಗಟ್ಟಿತನ ಬರುವುದು ಒಳಗಿರುವ ಮೆಗ್ನೀಸಿಯಂ-ಸಿಲಿಕಾನ್ ಕಣಗಳಿಂದ. ಬಿಸಿ 250 ದಾಟಿದರೆ ಆ ಕಣಗಳು ದಪ್ಪಗಾಗುತ್ತವೆ, ಇನ್ನೂ ಏರಿದರೆ ಕರಗಿಹೋಗುತ್ತವೆ. ಮೂಲ ಪ್ಲೇಟು 310 ಮೆಗಾಪ್ಯಾಸ್ಕಲ್ ತಡೆದರೆ, ಬೆಸೆದ ಜಾಗಕ್ಕೆ ವೆಲ್ಡಿಂಗ್ ಕೋಡ್‌ಗಳು ಕೇಳುವುದೇ 165. ಬೆಸುಗೆ ಎಷ್ಟು ಚೆಂದ ಇದ್ದರೂ ಪಕ್ಕದ ಪಟ್ಟಿ ಅರ್ಧ ಬಲಕ್ಕೆ ಇಳಿದಿರುತ್ತದೆ.

ವಿನ್ಯಾಸ ಮಾಡುವವರು ಸಾಮಾನ್ಯವಾಗಿ ಎರಡೂ ಕಡೆ ಒಂದೊಂದು ಇಂಚು ಮೆತ್ತಗೆ ಅಂತ ಹಿಡಿಯುತ್ತಾರೆ. ನಮ್ಮ ಪ್ಲೇಟಿಗೆ ರೊಸೆಂಥಾಲ್ ಲೆಕ್ಕದಲ್ಲಿ ಬೆಸುಗೆ ಅಂಚಿನಿಂದ 10 ಮಿ.ಮೀ. ದೂರದಲ್ಲಿ 390, 30 ಮಿ.ಮೀ.ಯಲ್ಲಿ 240 ಡಿಗ್ರಿ. ಅಂಚಿನಿಂದ ತಿರುಗಿ ಬರುವ ಬಿಸಿ ಸೇರಿದರೆ ಇನ್ನಷ್ಟು. ಚಿಕ್ಕ ಪ್ಲೇಟಿಗೆ ಒಂದು ಇಂಚಿನ ನಿಯಮ ಸಾಲದು ಅಂತಾಯಿತು. ಬೋಲ್ಟ್ ತೂತುಗಳನ್ನು ಸೀಮಿನಿಂದ 40 ಮಿ.ಮೀ. ಆಚೆಗೆ ಸರಿಸಿದೆವು.

2ಡಿ ಸಾಲದಿದ್ದಾಗ

ದಪ್ಪ ಪ್ಲೇಟು, ಟಿ ಆಕಾರದ ಜೋಡಣೆ, ಮೂಲೆ, ಇವಕ್ಕೆ 3ಡಿ ಬೇಕು. ಅದಕ್ಕೆ ಎಲ್ಮರ್, ಕ್ಯಾಲ್ಕುಲಿಕ್ಸ್, ಕೋಡ್ ಆಸ್ಟರ್ ಅನ್ನುವ ಸಾಫ್ಟ್‌ವೇರ್ ಮೂರೂ ಪುಕ್ಕಟೆ ಸಿಗುತ್ತವೆ. ಫ್ರೀಕ್ಯಾಡ್‌ನಲ್ಲಿ ಚಿತ್ರ ಬರೆದು ಅಲ್ಲಿಂದಲೇ ಕ್ಯಾಲ್ಕುಲಿಕ್ಸ್‌ಗೆ ಕಳಿಸಬಹುದು. ಇಲ್ಲಿ ಗಂಟೆಯಾಕಾರದ ಬದಲು ಗೋಲ್ಡಾಕ್ ಅನ್ನುವವರು 1984ರಲ್ಲಿ ಕೊಟ್ಟ ಜೋಡಿ ಮೊಟ್ಟೆಯಾಕಾರದ ಹಂಚಿಕೆ ಬಳಸುತ್ತಾರೆ. ಮುಂದೆ ಮೋಟು ಮೊಟ್ಟೆ, ಹಿಂದೆ ಉದ್ದ ಮೊಟ್ಟೆ. ಅದಕ್ಕೆ ಕೊಳದ ಅಗಲ, ಆಳ, ಉದ್ದ ಬೇಕು. ಅಗಲ-ಆಳಕ್ಕೆ ಒಂದು ಬೆಸುಗೆಯನ್ನು ಅಡ್ಡಕ್ಕೆ ಕತ್ತರಿಸಿ, ಎಮರಿ ಕಾಗದದಿಂದ ನುಣ್ಣಗೆ ಉಜ್ಜಿ, ಕಾಸ್ಟಿಕ್ ಸೋಡಾ ನೀರಿನಲ್ಲಿ ಸ್ವಲ್ಪ ಹೊತ್ತು ಅದ್ದಿ. ಕರಗಿ ಗಟ್ಟಿಯಾದ ಭಾಗ ಬೇರೆ ಬಣ್ಣದಲ್ಲಿ ಎದ್ದು ಕಾಣುತ್ತದೆ. ಇದನ್ನು ಬಯಲಲ್ಲಿ ಮಾಡಿ, ಕನ್ನಡಕ ಹಾಕಿಕೊಳ್ಳಿ. ಹೈಡ್ರೋಜನ್ ಬರುತ್ತದೆ, ಹತ್ತಿರ ಯಾರೂ ಬೀಡಿ ಹಚ್ಚಬಾರದು. ಉದ್ದವನ್ನು ಬೆಸುಗೆಯ ಕೊನೆಯ ಗುಂಡಿ ನೋಡಿ ಅಂದಾಜು ಮಾಡಬಹುದು.

3ಡಿಯಲ್ಲೂ ತಾಳೆ ಅದೇ. ಒಟ್ಟು ಜೂಲ್ ಕೂಡಬೇಕು, ಸರಾಸರಿ ಬಿಸಿ ಕೈಲೆಕ್ಕಕ್ಕೆ ಬರಬೇಕು. ಮೆಶ್ (ಚೌಕಗಳ ಹಾಗೆ ಇಲ್ಲಿನ ತುಂಡುಗಳ ಜಾಲ) ಸೀಮಿನ ಬಳಿ 1 ಮಿ.ಮೀ., ದೂರದಲ್ಲಿ 5 ಇದ್ದರೂ ನಡೆಯುತ್ತದೆ.

ರೈಸ್ ಮಿಲ್ಲಿನವರು ಈಗ ಮೂಲೆ ಬೆಸೆದ ಪೆಟ್ಟಿಗೆ ಕೇಳಿದ್ದಾರೆ. ಮೂಲೆಯಲ್ಲಿ ಬಿಸಿ ಹೇಗೆ ಹಂಚಿಹೋಗುತ್ತದೆ ಅಂತ ಮತ್ತೆ ಲೆಕ್ಕ ಹಾಕಬೇಕು. ಎಲ್ಮರಿನಲ್ಲಿ ಮೆಶ್ ಮಾಡಿಟ್ಟಿದ್ದೇನೆ. ಭಾಯ್ ಭಾನುವಾರ ಒಂದು ಮೂಲೆ ಬೆಸೆದು ಕೊಡ್ತೀನಿ ಅಂದಿದ್ದಾರೆ, ಥರ್ಮೋಕಪಲ್‌ಗೆ ಆರು ತೂತು ಡ್ರಿಲ್ ಮಾಡಿ ಇಟ್ಟಿದ್ದೇನೆ.